ಮುಯ್ಯಾಳು ಲೆಕ್ಕದಲ್ಲಿ ವಿಮಾನ: ಆಟದ ಏರ್‌ಲೈನ್ ಅಲಯನ್ಸ್ ಸೇರುವವರಿಗೆ ನಿಯಮಗಳು

ಹಾಸನಕ್ಕೆ ವಿಮಾನ ಬಿಡೋಕೆ ಆಗಲ್ಲ. ವಿಮಾನ ಕಂಪನಿ ನಡೆಸುವ ಆಟದಲ್ಲಿ ನಾವು ಕಟ್ಟಿಕೊಂಡ ಗುಂಪಿಗೆ, ಅಂದರೆ ಅಲಯನ್ಸಿಗೆ, ಹೊಸದಾಗಿ ಬಂದವರೆಲ್ಲ ಮೊದಲು ಕೇಳುವುದು ಇದನ್ನೇ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಅನ್ನುವ ಮಾತು ಕೇಳಿಕೊಂಡೇ ನಾವು ದೊಡ್ಡವರಾದೆವು. ಆದರೆ ಆಟದ ಪಟ್ಟಿಯಲ್ಲಿ ಇರುವುದು ನಿಜವಾಗಿ ವಿಮಾನ ಇಳಿಯುವ ಊರುಗಳು ಮಾತ್ರ. ಚಿಕ್ಕಮಗಳೂರಿನವರಿಗೂ ಇದೇ ಉತ್ತರ. 2023ರಲ್ಲಿ ಶುರುವಾದ ಶಿವಮೊಗ್ಗ ಕೂಡ ನಾವು ಆಡುವ ಆಟಕ್ಕೆ ಇನ್ನೂ ಬಂದಿಲ್ಲ. ಹಾಗಾಗಿ ನಮ್ಮ ಪಾಲಿಗೆ ಉಳಿಯುವುದು ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿ. ಹದಿನಾಲ್ಕು ಜನ ಇದ್ದೇವೆ, ಹದಿನಾಲ್ಕು ಜನಕ್ಕೂ ಬೆಂಗಳೂರೇ ಬೇಕು. ನಿಯಮ ಬೇಕಾಗುವುದು ಅಲ್ಲಿಂದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರೂ ಒಂದೊಂದು ವಿಮಾನ ಕಂಪನಿ ನಡೆಸುತ್ತೀರಿ. ಸಾಲ ಮಾಡಿ ವಿಮಾನ ಕೊಳ್ಳುತ್ತೀರಿ, ರೂಟ್ ಹಾಕುತ್ತೀರಿ, ಟಿಕೆಟ್ ದರ ಇಡುತ್ತೀರಿ, ಇಂಧನ ಅಗ್ಗವಾದಾಗ ತುಂಬಿಸಿಕೊಳ್ಳುತ್ತೀರಿ. ಒಬ್ಬರೇ ಆಡಿದರೆ ಆರು ತಿಂಗಳಿಗೆ ಬೇಜಾರು ಬರುತ್ತದೆ. ಆಗ ಕೆಲವು ಕಂಪನಿಗಳು ಸೇರಿ ಅಲಯನ್ಸ್ ಕಟ್ಟುತ್ತವೆ. ನಿಜವಾದ ಆಕಾಶದಲ್ಲೂ ಹಾಗೇ ಆಗಿದ್ದು: 1997ರ ಮೇ ತಿಂಗಳಲ್ಲಿ ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್, ಯುನೈಟೆಡ್ ಅಂತ ಐದು ಕಂಪನಿ ಸೇರಿ ಸ್ಟಾರ್ ಅಲಯನ್ಸ್ ಶುರು ಮಾಡಿದವು. ನನ್ನ ಪ್ರಯಾಣಿಕರನ್ನು ನೀನು ಮುಂದಕ್ಕೆ ಒಯ್ಯಿ, ನಿನ್ನವರನ್ನು ನಾನು ಒಯ್ಯುತ್ತೇನೆ, ಅಷ್ಟೇ ಒಪ್ಪಂದ.

ಇದು ನಮಗೆ ಹೊಸದೇನಲ್ಲ. ನಮ್ಮ ಕಡೆ ಮುಯ್ಯಾಳು ಅಂತ ಇದೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬಂದರೆ ನಾಡಿದ್ದು ನನ್ನ ಗದ್ದೆಗೆ ನೀವು ಬರಬೇಕು. ದುಡ್ಡಿನ ಮಾತಿಲ್ಲ, ಬರೆದಿಟ್ಟ ಲೆಕ್ಕವೂ ಇಲ್ಲ, ಆದರೆ ಬಾರದೇ ಉಳಿದವನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಆಟದಲ್ಲಿ ಮುಖ ಕಾಣುವುದಿಲ್ಲ, ಊರೂ ಇಲ್ಲ. ಅದಕ್ಕೆ ಬರೆದಿಡಲೇಬೇಕು. ಬರೆಯದೆ ಒಂದೂವರೆ ವರ್ಷ ನಡೆಸಿ ಎರಡು ಸಲ ಒಡೆದುಕೊಂಡ ಮೇಲೆ ಬಂದ ಬುದ್ಧಿ ಇದು. ನೀವು ಅಲಯನ್ಸ್ ಸೇರುವವರಿರಲಿ, ಹೊಸದು ಕಟ್ಟುವವರಿರಲಿ, ಕೆಳಗೆ ಹೇಳಿದ ಕ್ರಮದಲ್ಲೇ ಹೋಗಿ.

ಮೊದಲು ಹೊಸಿಲಲ್ಲಿ ನಿಲ್ಲಿ

ಸೇರಬೇಕು ಅಂತ ಮನವಿ ಕಳಿಸುವ ಮುಂಚೆ ಮೂರು ವಿಷಯ ಬರೆದಿಟ್ಟುಕೊಳ್ಳಿ. ನಿಮ್ಮ ಹತ್ತಿರ ಎಷ್ಟು ವಿಮಾನ ಇವೆ, ಹಬ್, ಅಂದರೆ ನಿಮ್ಮ ವಿಮಾನಗಳ ಮೂಲ ನೆಲೆ, ಯಾವ ಊರು, ದಿನಕ್ಕೆ ಎಷ್ಟು ಸಲ ಆಟ ತೆರೆಯುತ್ತೀರಿ. ಮೂರನೆಯದಕ್ಕೆ ಸುಳ್ಳು ಹೇಳಬೇಡಿ. ದಿನಕ್ಕೆ ಎರಡೇ ಸಲ, ಬೆಳಗ್ಗೆ ಹಾಲು ಹಾಕಿ ಬಂದ ಮೇಲೆ ಒಂದು ಸಲ, ರಾತ್ರಿ ಊಟ ಆದ ಮೇಲೆ ಒಂದು ಸಲ ಅಂದರೂ ನಡೆಯುತ್ತದೆ. ಆ ಲೆಕ್ಕಕ್ಕೆ ತಕ್ಕ ರೂಟ್ ಕೊಡುತ್ತೇವೆ. ಇಡೀ ದಿನ ಆಟದಲ್ಲೇ ಇರುತ್ತೇನೆ ಅಂದವರು ಮೂರನೇ ವಾರ ನಾಪತ್ತೆ ಆಗಿದ್ದನ್ನು ಎಷ್ಟೋ ನೋಡಿದ್ದೇವೆ.

ಆಮೇಲೆ ಎರಡು ವಾರ ಪರೀಕ್ಷೆ. ಈ ಎರಡು ವಾರ ನಿಮಗೆ ಗುಂಪಿನ ಮಾತೆಲ್ಲ ಕಾಣುತ್ತದೆ, ಆದರೆ ಹಬ್ ಹಂಚುವಾಗ ಮತ ಇಲ್ಲ. ಕೆಲವರು ಇದಕ್ಕೇ ಮುನಿಸಿಕೊಂಡು ಹೋಗುತ್ತಾರೆ, ಹೋಗಲಿ. ಏರ್ ಇಂಡಿಯಾಗೆ ಸ್ಟಾರ್ ಅಲಯನ್ಸ್ ಕರೆ ಕೊಟ್ಟಿದ್ದು 2007ರಲ್ಲಿ, 2011ರಲ್ಲಿ ಸೇರ್ಪಡೆಯನ್ನೇ ತಡೆಹಿಡಿದರು, ಕೊನೆಗೆ ಒಳಗೆ ಬಿಟ್ಟುಕೊಂಡಿದ್ದು 2014ರ ಜುಲೈನಲ್ಲಿ. ಹತ್ತಿರಹತ್ತಿರ ಏಳು ವರ್ಷ. ನಾವು ಕೇಳುತ್ತಿರುವುದು ಹದಿನಾಲ್ಕು ದಿನ.

ಪರೀಕ್ಷೆಯಲ್ಲಿ ನಾವು ನೋಡುವುದು ಲಾಭವನ್ನಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾರಾ, ಇಂಧನ ಅಗ್ಗ ಆಗಿದ್ದನ್ನು ಕಂಡರೆ ಗುಂಪಿಗೆ ಒಂದು ಸಾಲು ಹಾಕುತ್ತಾರಾ, ಅಷ್ಟೇ. ನಮ್ಮ ಆಟದಲ್ಲಿ ಅರ್ಧ ಗಂಟೆಗೊಮ್ಮೆ ಇಂಧನದ ದರ ಬದಲಾಗುತ್ತದೆ. ನೋಡಿದವನು ತಾನು ಮಾತ್ರ ಟ್ಯಾಂಕ್ ತುಂಬಿಸಿಕೊಂಡು ಸುಮ್ನೆ ಇದ್ದರೆ ಅವನು ಮುಯ್ಯಿಗೆ ಬರುವ ಆಸಾಮಿ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ವಂತಿಗೆ ಎಷ್ಟು

ಪ್ರತಿ ಸಲ ವಿಮಾನ ಹಾರಿದಾಗಲೂ ಅಲಯನ್ಸಿನ ಖಾತೆಗೆ ಒಂದಿಷ್ಟು ಅಂಕ ಬೀಳುತ್ತದೆ. ಇದನ್ನು ನಾವು ವಂತಿಗೆ ಅನ್ನುತ್ತೇವೆ, ಗಣಪತಿ ಹಬ್ಬದ ವಂತಿಗೆ ಥರ. ಮೊದಲು ಎಲ್ಲರಿಗೂ ಒಂದೇ ಲೆಕ್ಕ ಇಟ್ಟಿದ್ದೆವು, ವಾರಕ್ಕೆ 300 ಹಾರಾಟ. ದುಬೈನಲ್ಲಿರುವ ನಮ್ಮ ಚಿಕ್ಕಮಗಳೂರಿನ ಸದಸ್ಯರೊಬ್ಬರ ಹತ್ತಿರ 90 ವಿಮಾನ ಇದ್ದವು, ಅವರಿಗೆ ಇದು ಲೆಕ್ಕಕ್ಕೇ ಇಲ್ಲ. ಕಡೂರಿನ ಪಿಯುಸಿ ಹುಡುಗನ ಹತ್ತಿರ ಇದ್ದದ್ದು ಆರು. ಅವನು ಒಂದೊಂದು ವಿಮಾನವನ್ನೂ ವಾರಕ್ಕೆ 50 ಸಲ, ಅಂದರೆ ದಿನಕ್ಕೆ ಏಳು ಸಲ ಹಾರಿಸಬೇಕಿತ್ತು. ಪಾಪ, ಒಂದು ತಿಂಗಳು ಒದ್ದಾಡಿ ಬಿಟ್ಟೇ ಹೋದ. ತಪ್ಪು ನಮ್ಮದೇ.

ಈಗಿನ ನಿಯಮ: ಒಂದು ವಿಮಾನಕ್ಕೆ ವಾರಕ್ಕೆ ಏಳು ಹಾರಾಟ. ಆರು ವಿಮಾನ ಇದ್ದವರಿಗೆ 42, ತೊಂಬತ್ತು ಇದ್ದವರಿಗೆ 630. ಲೆಕ್ಕ ಹಾಕುವುದು ವಾರಕ್ಕೊಮ್ಮೆ, ಭಾನುವಾರ ರಾತ್ರಿ. ದಿನದ ಲೆಕ್ಕ ಬೇಡವೇ ಬೇಡ. ದಿನದ ಲೆಕ್ಕ ಇಟ್ಟರೆ ಜನ ಮದುವೆ ಮನೆಯ ಪಂಕ್ತಿಯಲ್ಲಿ ಕೂತೂ ಫೋನ್ ನೋಡುತ್ತಾರೆ.

ರೂಟ್ ಹಂಚಿಕೆ: ಇಲ್ಲಿ ನಿಧಾನವಾಗಿ ಓದಿ

ಅಲಯನ್ಸ್ ಒಡೆಯುವುದು ವಂತಿಗೆಯಿಂದಲ್ಲ, ರೂಟಿನಿಂದ. ಒಂದು ಉದಾಹರಣೆ ನೋಡಿ. ಬೆಂಗಳೂರಿನಿಂದ ಒಂದು ಊರಿಗೆ ಆಟದಲ್ಲಿ ದಿನಕ್ಕೆ 400 ಪ್ರಯಾಣಿಕರ ಬೇಡಿಕೆ ಇದೆ ಅನ್ನಿ. ನೀವು 180 ಸೀಟಿನ ಎ320 ವಿಮಾನವನ್ನು ದಿನಕ್ಕೆ ಎರಡು ಸಲ ಬಿಟ್ಟಿದ್ದೀರಿ. 360 ಸೀಟು, ಎಲ್ಲ ಭರ್ತಿ, ಸಂತೋಷ. ಇದನ್ನು ನೋಡಿ ನಿಮ್ಮದೇ ಅಲಯನ್ಸಿನ ಇನ್ನೊಬ್ಬರು ಅದೇ ಊರಿಗೆ ಎರಡು ಎ320 ಹಾಕುತ್ತಾರೆ. ಈಗ ಸೀಟು 720, ಜನ ಅದೇ 400. ಇಬ್ಬರ ವಿಮಾನವೂ ನೂರಕ್ಕೆ 55ರಷ್ಟು ಮಾತ್ರ ತುಂಬುತ್ತದೆ. ಇಂಧನ, ಲ್ಯಾಂಡಿಂಗ್ ಶುಲ್ಕ, ಸಿಬ್ಬಂದಿ ಸಂಬಳ ಮಾತ್ರ ಪೂರ್ತಿ ಕೊಡಬೇಕು. ಆಮೇಲೆ ಒಬ್ಬರು ದರ ಇಳಿಸುತ್ತಾರೆ, ಇನ್ನೊಬ್ಬರು ಸಿಟ್ಟಿಗೆ ಇನ್ನೂ ಇಳಿಸುತ್ತಾರೆ. ವಾರದೊಳಗೆ ಇಬ್ಬರೂ ನಷ್ಟದಲ್ಲಿ, ಹೊರಗಿನ ಮೂರನೆಯವನು ನಗುತ್ತಾ ಕೂತಿರುತ್ತಾನೆ.

ಇದನ್ನು ತಪ್ಪಿಸಲು ಹೀಗೆ ಮಾಡಿ. ರೂಟ್ ತೆರೆಯುವ ಮುಂಚೆ ಗುಂಪಿನ ಹಾಳೆಯಲ್ಲಿ ನೋಡಿ. ನಮ್ಮದು ಒಂದು ಗೂಗಲ್ ಶೀಟ್, ಅದರಲ್ಲಿ ಊರು, ಯಾರು, ಎಷ್ಟು ಸೀಟು, ಎಷ್ಟು ಬೇಡಿಕೆ ಅಂತ ನಾಲ್ಕು ಕಾಲಂ. ಯಾರೂ ಇಲ್ಲದಿದ್ದರೆ ಹೆಸರು ಬರೆದು ತೆರೆಯಿರಿ. ಯಾರಾದರೂ ಇದ್ದರೆ, ಬೇಡಿಕೆಗಿಂತ ಸೀಟು ಕಡಿಮೆ ಇರುವಷ್ಟಕ್ಕೆ ಮಾತ್ರ ನೀವು ಹೋಗಬಹುದು, ಅದೂ ಅವರಿಗೆ ಹೇಳಿ. ಮೇಲಿನ ಉದಾಹರಣೆಯಲ್ಲಿ ಉಳಿದಿರುವುದು 40 ಸೀಟಿನ ಜಾಗ. ಅದಕ್ಕೆ ಎ320 ಕಳಿಸುವುದು ಅಂದರೆ ಒಂದು ಮೂಟೆ ಆಲೂಗಡ್ಡೆಗೆ ಲಾರಿ ಬಾಡಿಗೆ ಮಾಡಿದ ಹಾಗೆ. ಹೆಸರು ಬರೆದು ಹತ್ತು ದಿನದೊಳಗೆ ವಿಮಾನ ಬಿಡದಿದ್ದರೆ ಹೆಸರು ಅಳಿಸುತ್ತೇವೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿಯುವ ಬುದ್ಧಿ ಇಲ್ಲಿ ನಡೆಯಲ್ಲ.

ದರದ ಬಗ್ಗೆ ಒಂದೇ ಸಾಲು. ಒಂದೇ ರೂಟಿನಲ್ಲಿ ಇಬ್ಬರಿದ್ದರೆ ದರದ ವ್ಯತ್ಯಾಸ ನೂರಕ್ಕೆ ಐದನ್ನು ಮೀರಬಾರದು. ಈ ನಿಯಮವನ್ನು ಮೊದಲು ಮುರಿದವನು ನಾನೇ. ಲೀಡರ್ ಅನ್ನುವ ಗತ್ತಿನಲ್ಲಿ ಮಂಗಳೂರು ರೂಟಿನಲ್ಲಿ ಸಕಲೇಶಪುರದ ಗೆಳೆಯನ ದರಕ್ಕಿಂತ ಕಾಲು ಭಾಗ ಕಡಿಮೆ ಇಟ್ಟಿದ್ದೆ, ಯಾರೂ ನೋಡಲ್ಲ ಅಂದುಕೊಂಡು. ಎರಡೇ ದಿನಕ್ಕೆ ಅವನ ಫೋನ್ ಬಂತು: "ಏನ್ ಗುರು, ನಿಯಮ ನಮಗ್ ಮಾತ್ರಾನಾ?" ಒಂದು ತಿಂಗಳು ಆ ರೂಟ್ ಬಿಟ್ಟುಕೊಟ್ಟೆ. ಲೀಡರ್‌ಗೂ ದಂಡ ಉಂಟು ಅಂತ ಪಟ್ಟಿಯಲ್ಲಿ ಸೇರಿದ್ದು ಆವತ್ತು.

ಸಣ್ಣ ವಿಮಾನ ಇರುವವರು ನಾಚಿಕೊಳ್ಳಬೇಡಿ. ಎಟಿಆರ್ 72ರಲ್ಲಿ ಇರುವುದು ಎಪ್ಪತ್ತು ಚಿಲ್ಲರೆ ಸೀಟು, ದೂರಕ್ಕೂ ಹೋಗಲ್ಲ, ಆದರೆ ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಂದ ಜನರನ್ನು ಬೆಂಗಳೂರಿಗೆ ತಂದು ಸುರಿಯುವುದು ಅದೇ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದೂ ಎಟಿಆರ್ ಇಟ್ಟುಕೊಂಡೇ, ದೊಡ್ಡ ಕಂಪನಿಗಳು ತಿರುಗಿ ನೋಡದ ಊರುಗಳಿಗೆ. ಹೊಸಬರಿಗೆ ನಾವು ಮೊದಲು ಕೊಡುವುದು ಇಂಥ ರೂಟ್‌ಗಳನ್ನೇ. ಅವರು ಜನ ತರುತ್ತಾರೆ, ದೊಡ್ಡ ವಿಮಾನದವರು ಆ ಜನರನ್ನು ದುಬೈಗೋ ಸಿಂಗಪುರಕ್ಕೋ ಒಯ್ಯುತ್ತಾರೆ. ಇಬ್ಬರಿಗೂ ಟಿಕೆಟ್ ದುಡ್ಡು.

ಗಡಿಯಾರ ಸರಿ ಮಾಡಿಕೊಳ್ಳಿ

ಇದು ನಡೆಯಬೇಕಾದರೆ ಸಮಯ ಹೊಂದಬೇಕು. ಎಟಿಆರ್ ಬಂದು ಇಳಿಯುವ ಮುಂಚೆಯೇ ದುಬೈ ವಿಮಾನ ಹೊರಟುಹೋದರೆ ಏನು ಉಪಯೋಗ ಹೇಳಿ. ನಮ್ಮ ನಿಯಮದಲ್ಲಿ ಸಣ್ಣ ವಿಮಾನ ಇಳಿದ ಮೇಲೆ ಕನಿಷ್ಠ 75 ನಿಮಿಷ, ಹೆಚ್ಚೆಂದರೆ ಮೂರು ಗಂಟೆಯೊಳಗೆ ದೊಡ್ಡದು ಹೊರಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜನ ಬದಲಾಯಿಸಿಕೊಳ್ಳಲು ಆಗಲ್ಲ, ಜಾಸ್ತಿ ಇದ್ದರೆ ಆಟ ಅವರನ್ನು ಬೇರೆ ಕಂಪನಿಗೆ ಕಳಿಸುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಆಟದ ಗಡಿಯಾರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ವಿಮಾನ ಹಾರಿಸುವವರು ಎಲ್ಲ ಕಡೆ ಇಡುವುದು ಇದೇ ಲೆಕ್ಕ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹುಬ್ಬಳ್ಳಿ ವಿಮಾನ ಬೆಂಗಳೂರಿಗೆ ಬೆಳಗ್ಗೆ 6:40ಕ್ಕೆ ಬರುತ್ತದೆ ಅಂದರೆ ಆಟದಲ್ಲಿ 01:10 ಅಂತ ಕಾಣುತ್ತದೆ. ದುಬೈ ವಿಮಾನ 8:00ಕ್ಕೆ ಹೊರಡುತ್ತದೆ ಅಂದರೆ ಅಲ್ಲಿ 02:30. ನಡುವೆ 80 ನಿಮಿಷ, ಸರಿಯಾಗಿದೆ. ಬೇಲೂರಿನ ಸದಸ್ಯನೊಬ್ಬ 01:10 ಅನ್ನುವುದನ್ನು ನೋಡಿ ನಡುರಾತ್ರಿ ಅಂದುಕೊಂಡು, ಮೂರು ವಾರ ತನ್ನ ದುಬೈ ವಿಮಾನವನ್ನು ನಮ್ಮ ಗಡಿಯಾರದ ರಾತ್ರಿ ಎರಡೂವರೆಗೆ ಬಿಡುತ್ತಿದ್ದ. ಅಂದರೆ ಹುಬ್ಬಳ್ಳಿ ಜನ ಬರುವ ನಾಲ್ಕು ಗಂಟೆ ಮುಂಚೆ. ಖಾಲಿ ಹೋಗುತ್ತಿದೆ, ಆಟವೇ ಸರಿ ಇಲ್ಲ ಅಂತ ನಮ್ಮ ಹತ್ತಿರ ಜಗಳ ಬೇರೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಇದನ್ನೂ ನೆನಪಿಡಿ, ಇಲ್ಲದಿದ್ದರೆ ವಾಪಸ್ ಬರುವ ಸಮಯ ತಪ್ಪುತ್ತದೆ.

ಹಾಳೆಯಲ್ಲಿ ಸಮಯ ಬರೆಯುವಾಗ ಯುಟಿಸಿ ಮಾತ್ರ ಬರೆಯಿರಿ. ಗುಂಪಿನಲ್ಲಿ ಮಾತಾಡುವಾಗ ನಮ್ಮ ಸಮಯ. ಎರಡನ್ನೂ ಕಲಸಬೇಡಿ. ಸಮಯ ಬದಲಾಯಿಸುವುದಿದ್ದರೆ ಎರಡು ದಿನ ಮುಂಚೆ ಹೇಳಿ, ಯಾಕೆಂದರೆ ನಿಮ್ಮ ಒಂದು ವಿಮಾನಕ್ಕೆ ಇನ್ನು ನಾಲ್ಕು ಜನರ ವಿಮಾನ ಗಂಟು ಹಾಕಿಕೊಂಡಿರುತ್ತದೆ.

ರಜೆ ಹೇಳಿ ಹೋಗಿ

ಈ ಪಟ್ಟಿಯಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಒಂದು ವರ್ಷ ಜುಲೈ ಮಳೆಯಲ್ಲಿ ಮೂಡಿಗೆರೆ ಕಡೆಯ ನಮ್ಮ ಸದಸ್ಯ ಇದ್ದಕ್ಕಿದ್ದ ಹಾಗೆ ಮಾಯ. ಮಂಗಳೂರು ಹಬ್ ಅವನದು. ಒಂದು ದಿನ, ಎರಡು ದಿನ, ಐದನೇ ದಿನಕ್ಕೆ ಸಿಟ್ಟು ಬಂದು ಅವನನ್ನು ತೆಗೆದೇಬಿಟ್ಟೆವು. ಏಳನೇ ದಿನ ಬಂದ. ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿ ಮುಗಿದು, ಊರಿಗೇ ನೆಟ್‌ವರ್ಕ್ ಇರಲಿಲ್ಲವಂತೆ. ಅಷ್ಟು ಹೊತ್ತಿಗೆ ಬೇರೆ ಅಲಯನ್ಸಿನವರು ಮಂಗಳೂರಿನಲ್ಲಿ ಕಾಲೂರಿದ್ದರು. ನಾವು ಆಟದೊಳಗೆ ಮೆಸೇಜ್ ಮೇಲೆ ಮೆಸೇಜ್ ಹಾಕಿದ್ದೆವೇ ಹೊರತು ಯಾರೂ ಅವನ ಊರಿನ ಕಡೆ ವಿಚಾರಿಸಲಿಲ್ಲ. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ನಮ್ಮದೇ ಇನ್ನೊಬ್ಬ ಸದಸ್ಯ ಇದ್ದ, ಬೈಕಿನಲ್ಲಿ ಹೋಗಿ ಕೇಳಿಕೊಂಡು ಬರಬಹುದಿತ್ತು.

ಆವತ್ತಿಂದ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ಸೇರಿದ ವಾರವೇ ಆರಿಸಿಕೊಳ್ಳಬೇಕು, ಆದಷ್ಟು ಹತ್ತಿರದ ಊರಿನವರನ್ನು. ಆಟ ಬಿಟ್ಟು ಬೇರೆ ದಾರಿಯಲ್ಲಿ ನಿಮ್ಮನ್ನು ಹಿಡಿಯುವುದು ಅವರ ಜವಾಬ್ದಾರಿ. ಹೇಳದೆ ಹೋದವರನ್ನು ಹತ್ತು ದಿನ ಕಾಯುತ್ತೇವೆ, ಜೊತೆಗಾರ ವಿಚಾರಿಸಿ ಬಂದು ಹೇಳಿದ ಮೇಲೆ ಮಾತ್ರ ತೀರ್ಮಾನ.

ಹೇಳಿ ಹೋಗುವುದಾದರೆ "ರಜೆ, 12ರಿಂದ 20" ಅಂತ ಒಂದು ಸಾಲು ಸಾಕು, ಕಾರಣ ಬೇಡ. ಹೇಗೂ ನಮಗೆ ಗೊತ್ತಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೋಟದವರು ಕಾಫಿ ಕೊಯ್ಲು, ಕಣ ಅಂತ ಇರುತ್ತಾರೆ. ಅದು ಮುಗಿದರೆ ಹೂವಿಗೆ ನೀರು ಕೊಡಲು ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಕಾಯುವುದು. ಮಾರ್ಚ್‌ನಲ್ಲಿ ಹುಡುಗರಿಗೆ ಪರೀಕ್ಷೆ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದರೆ ಹಾಸನದವರ ಮನೆ ತುಂಬ ನೆಂಟರು, ಆಟ ಆಡುವವರು ಯಾರು?

ರಜೆಗೆ ಹೋಗುವ ಹಿಂದಿನ ದಿನ ಮಾಡಬೇಕಾದ್ದು: ಸಣ್ಣ ರೂಟಿನ ವಿಮಾನಗಳಲ್ಲಿ ಆಗುವಷ್ಟನ್ನು ಉದ್ದದ ರೂಟಿಗೆ ಹಾಕಿ, ಆಗ ಪದೇ ಪದೇ ಹೊರಡಿಸುವ ಕೆಲಸ ಇರುವುದಿಲ್ಲ. ಎ ಚೆಕ್ (ಇಷ್ಟು ಗಂಟೆ ಹಾರಿದ ಮೇಲೆ ಮಾಡಿಸಲೇಬೇಕಾದ ತಪಾಸಣೆ) ಹತ್ತಿರ ಬಂದಿರುವ ವಿಮಾನಗಳನ್ನು ಇದೇ ಸಮಯಕ್ಕೆ ರಿಪೇರಿಗೆ ನಿಲ್ಲಿಸಿ, ಹೇಗೂ ಸುಮ್ನೆ ನಿಂತಿರುತ್ತವೆ. ಟ್ಯಾಂಕ್ ತುಂಬಿಸಿಡಿ. ಬೇರೆಯವರಿಗೆ ಜನ ತರುತ್ತಿದ್ದ ರೂಟ್ ಇದ್ದರೆ ಜೊತೆಗಾರನಿಗೆ ಹೇಳಿ, ಅಷ್ಟು ದಿನ ಅವನು ಒಂದು ವಿಮಾನ ಹಾಕಿ ನೋಡಿಕೊಳ್ಳುತ್ತಾನೆ, ನೀವು ಬಂದ ದಿನ ತೆಗೆಯುತ್ತಾನೆ. ಆದರೆ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ, ಜೊತೆಗಾರನಿಗೂ ಸಹ. ಒಬ್ಬರ ಖಾತೆಯನ್ನು ಇನ್ನೊಬ್ಬರು ನಡೆಸುವುದನ್ನು ಆಟದವರು ಒಪ್ಪಲ್ಲ, ಸಿಕ್ಕಿಬಿದ್ದರೆ ಇಬ್ಬರ ಖಾತೆಯೂ ಹೋಗುತ್ತದೆ.

ಚಿಲ್ಲರೆ ನಿಯಮಗಳು, ಆದರೂ ನಿಯಮಗಳೇ

ಸಾಲ ಕೊಡುವುದಿಲ್ಲ, ಕೇಳುವುದೂ ಇಲ್ಲ. ಆಟದ ದುಡ್ಡೇ ಆದರೂ ಸಂಬಂಧ ನಿಜದ್ದು. ಹಳೇ ವಿಮಾನವನ್ನು ಸದಸ್ಯರಿಗೆ ಮಾರುವುದಾದರೆ ಎಷ್ಟು ಗಂಟೆ ಹಾರಿದೆ, ದೊಡ್ಡ ಚೆಕ್ ಯಾವಾಗ ಬಾಕಿ ಅಂತ ಹೇಳಿ ಮಾರಿ, ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸಿ ಮಾರುವ ಹಾಗೆ.

ಒಬ್ಬರಿಗೆ ಒಂದೇ ಖಾತೆ. ತಮ್ಮನ ಹೆಸರಲ್ಲಿ ಇನ್ನೊಂದು ತೆರೆದು ತಾನೇ ಆಡಿದವರು ಆವತ್ತೇ ಹೊರಗೆ. ಮುಂದಿನ ತಿಂಗಳು ಯಾವ ಹಬ್ ತೆರೆಯುತ್ತೇವೆ ಅನ್ನುವ ಮಾತನ್ನು ಬೇರೆ ಅಲಯನ್ಸಿಗೆ ಮುಟ್ಟಿಸಿದವರಿಗೂ ಅದೇ. ವಿಮಾನದ ಬಣ್ಣ, ಹೆಸರು ನಿಮ್ಮ ಇಷ್ಟ, ಆದರೆ ನಿಜವಾದ ಕಂಪನಿಯ ಲೋಗೋ ಎತ್ತಿ ಹಾಕಬೇಡಿ. ಹೊಯ್ಸಳ ಲಾಂಛನದ ಸಿಂಹ ನಮ್ಮಲ್ಲಿ ಆಗಲೇ ಮೂರು ಜನರ ವಿಮಾನದ ಬಾಲದ ಮೇಲಿದೆ, ನಾಲ್ಕನೆಯದು ಬೇಡ ದಯವಿಟ್ಟು.

ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಇಲ್ಲ, ರಾಜಕೀಯ ಇಲ್ಲ. ಹಾಸನದವರು ನಾಲ್ಕು ಜನ ಸೇರಿದ ಕಡೆ ರಾಜಕೀಯ ಬೇಡ ಅನ್ನುವುದು ಕಷ್ಟದ ನಿಯಮ, ಒಪ್ಪುತ್ತೇನೆ. ಚುನಾವಣೆ ತಿಂಗಳಲ್ಲಿ ಗುಂಪನ್ನು ಲೀಡರ್‌ಗಳು ಮಾತ್ರ ಬರೆಯುವ ಹಾಗೆ ಮಾಡಿಬಿಡುತ್ತೇವೆ.

ತಪ್ಪಾದರೆ, ಬಿಟ್ಟು ಹೋಗುವುದಾದರೆ

ಮೊದಲ ಸಲ ತಪ್ಪಿದರೆ ಖಾಸಗಿಯಾಗಿ ಒಂದು ಮಾತು. ಗುಂಪಿನಲ್ಲಿ ಮರ್ಯಾದೆ ತೆಗೆಯುವುದಿಲ್ಲ. ಎರಡನೇ ಸಲ ಗುಂಪಿನ ಮುಂದೆ. ಮೂರನೇ ಸಲ ಒಂದು ತಿಂಗಳು ಹೊಸ ರೂಟ್ ಇಲ್ಲ. ನಾಲ್ಕಕ್ಕೆ ಹೊರಗೆ. ತೀರ್ಮಾನ ಒಬ್ಬರದಲ್ಲ, ಲೀಡರ್ ಮತ್ತು ಇಬ್ಬರು ಉಪ ಲೀಡರ್ ಸೇರಿ. ಲೀಡರ್ ಏಳು ದಿನಕ್ಕಿಂತ ಹೆಚ್ಚು ಇರದಿದ್ದರೆ ಅಧಿಕಾರ ಉಪ ಲೀಡರ್ ಕೈಗೆ, ಕೇಳುವ ಹಾಗೇ ಇಲ್ಲ.

ಬಿಟ್ಟು ಹೋಗುವವರು ಏಳು ದಿನ ಮುಂಚೆ ಹೇಳಬೇಕು. ಆ ಏಳು ದಿನದಲ್ಲಿ ನಿಮ್ಮ ರೂಟುಗಳನ್ನು ಒಂದೊಂದಾಗಿ ನಿಲ್ಲಿಸಿ, ಹಾಳೆಯಲ್ಲಿ ಹೆಸರು ಅಳಿಸಿ, ಬೇರೆಯವರು ಅಲ್ಲಿಗೆ ವಿಮಾನ ಹಾಕಲು ಸಮಯ ಕೊಡಿ. ಹಾಗೆ ಹೋದವರು ಯಾವಾಗ ವಾಪಸ್ ಬಂದರೂ ಪರೀಕ್ಷೆ ಇಲ್ಲದೆ ಸೇರಿಸಿಕೊಳ್ಳುತ್ತೇವೆ. ಮೂಡಿಗೆರೆಯವನನ್ನು ನಾವೇ ಕರೆದು ವಾಪಸ್ ತಂದೆವು. ಮಂಗಳೂರು ಇನ್ನೂ ಅರ್ಧ ಮಾತ್ರ ನಮ್ಮ ಕೈಗೆ ಬಂದಿದೆ. ಕಡೂರಿನ ಹುಡುಗ ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ರಜೆಯಲ್ಲಿ ಬರುತ್ತೇನೆ ಅಂದಿದ್ದಾನೆ.

ಕೊನೆಯ ನಿಯಮ, ಹೊಸ ಊರು ಆಟಕ್ಕೆ ಬಂದರೆ ಯಾರಿಗೆ ಅನ್ನುವುದು. ಮೊದಲೇ ಹೆಸರು ಬರೆಸಿದವರಿಗೆ ಮೊದಲ ಹಕ್ಕು, ಒಬ್ಬರಿಗಿಂತ ಜಾಸ್ತಿ ಇದ್ದರೆ ಚೀಟಿ ಎತ್ತುವುದು. ಶಿವಮೊಗ್ಗಕ್ಕೆ ಮೂರು ಜನ ಬರೆಸಿದ್ದಾರೆ. ಬೂವನಹಳ್ಳಿಗೆ ಹದಿನಾಲ್ಕೂ ಜನ.